ಪೈನ್ ಮರದ ಕೆಳಗಿನ ಕೇಸರಿ ಅಣಬೆ: ಗುರುತು ಹಿಡಿಯುವುದು ಹೇಗೆ

ಒಂದು ಫೋಟೋ ನೋಡಿ "ಇದನ್ನ ತಿನ್ನಬಹುದು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಹೇಳಿದರೂ ನಂಬಬೇಡಿ. ಮೇಲಿಂದ ತೆಗೆದ ಫೋಟೋದಲ್ಲಿ ಅಣಬೆಯ ಅರ್ಧ ಗುರುತೂ ಕಾಣುವುದಿಲ್ಲ.

ಇದನ್ನು ಈಗ ಬರೆಯೋಕೆ ಕಾರಣ ಇದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಎಷ್ಟೋ ಮಕ್ಕಳು ಈಗ ಸಿಡ್ನಿ, ಮೆಲ್ಬರ್ನ್ ಅಂತ ನೆಲೆಸಿದ್ದಾರೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ನಾವು ಮಾವಿನಹಣ್ಣು ತಿನ್ನುವಾಗ ಅಲ್ಲಿ ಚಳಿ ಶುರುವಾಗಿರುತ್ತದೆ, ಮಳೆ ಬಿದ್ದಿರುತ್ತದೆ, ಪೈನ್ ತೋಪುಗಳಲ್ಲಿ ಕೇಸರಿ ಬಣ್ಣದ ಅಣಬೆ ಎದ್ದಿರುತ್ತದೆ. ಗೆಳೆಯರ ಜೊತೆ ಬುಟ್ಟಿ ಹಿಡಿದು ಹೋಗುತ್ತಾರೆ, ಅಲ್ಲಿಂದಲೇ ಮನೆಯ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕುತ್ತಾರೆ. "ಕಾಕಾ, ಇದನ್ನ ತಿನ್ನಾಕ ಬರ್ತೈತೇನು?" ಆ ಪ್ರಶ್ನೆಗೆ ಗ್ರೂಪಿನಲ್ಲಿ ಹೆಬ್ಬೆರಳು ತೋರಿಸಿ ಉತ್ತರ ಕೊಡುವುದು ತಪ್ಪು. ಹಾಗಾಗಿ ಈ ಅಣಬೆಯನ್ನು ಕೈಯಲ್ಲಿ ಹಿಡಿದು, ಒಂದೊಂದೇ ಗುರುತು ನೋಡಿ ತೀರ್ಮಾನ ಮಾಡುವ ರೀತಿಯನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಅಣಬೆಯ ಹೆಸರು ಸ್ಯಾಫ್ರನ್ ಮಿಲ್ಕ್ ಕ್ಯಾಪ್. ಶಾಸ್ತ್ರದ ಹೆಸರು ಲ್ಯಾಕ್ಟೇರಿಯಸ್ ಡೆಲಿಸಿಯೋಸಸ್. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ರುಚಿಯಾದದ್ದು ಅನ್ನುವ ಅರ್ಥದ ಹೆಸರಿಟ್ಟ. ಸ್ಪೇನ್ ದೇಶದಲ್ಲಿ, ಅದರಲ್ಲೂ ಕ್ಯಾಟಲೋನಿಯಾದಲ್ಲಿ, ಜನ ಇದಕ್ಕಾಗಿ ಕಾದು ಕುಳಿತಿರುತ್ತಾರೆ. ಮೂಲ ಯುರೋಪ್. ಅಲ್ಲಿಂದ ಪೈನ್ ಸಸಿಗಳ ಬೇರಿನ ಜೊತೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚಿಲಿ ಸೇರಿತು. ನಮ್ಮ ಹಿಮಾಲಯದ ಕಾಡುಗಳಲ್ಲೂ ಇದೇ ಗುಂಪಿಗೆ ಸೇರಿದ, ಕೇಸರಿ ಹಾಲು ಸುರಿಸುವ ಅಣಬೆಗಳಿವೆ.

ಮೊದಲು ಮರ ನೋಡಿ, ಆಮೇಲೆ ಅಣಬೆ. ಈ ಒಂದು ಮಾತು ನೆನಪಿಟ್ಟುಕೊಂಡರೆ ಉಳಿದದ್ದು ಸುಲಭ.

ಇದು ನಮಗೆ ಹೊಸದೇನಲ್ಲ. ಕಲಘಟಗಿ, ಅಳ್ನಾವರ ಕಡೆಯ ಹಳ್ಳಿಗಳಲ್ಲಿ ಮಳೆಗಾಲ ಹಿಡಿದ ಮೇಲೆ ಹುತ್ತದ ಅಣಬೆ ಹುಡುಕುವ ಹಿರಿಯರನ್ನು ನೋಡಿದ್ದೀರಾ? ಅವರು ಅಣಬೆಯ ಅಂದಚಂದಕ್ಕೆ ಮರುಳಾಗುವುದಿಲ್ಲ. ಕೈಯಿಂದ ಮಣ್ಣು ಸರಿಸಿ, ದಂಟು ಎಲ್ಲಿಯವರೆಗೆ ಇಳಿದಿದೆ ಅಂತ ನೋಡುತ್ತಾರೆ. ಹುತ್ತದ ಅಣಬೆಗೆ ಬೇರಿನಂಥ ಉದ್ದನೆಯ ಬಾಲ ಇರುತ್ತದೆ, ಅದು ಕೆಳಗೆ ಗೆದ್ದಲಿನ ಗೂಡಿನವರೆಗೂ ಹೋಗಿರುತ್ತದೆ. ಗೆದ್ದಲು ಇಲ್ಲದ ಕಡೆ ಆ ಅಣಬೆ ಇಲ್ಲ. ಹಾಗೆಯೇ ಪೈನ್ ಇಲ್ಲದ ಕಡೆ ಈ ಕೇಸರಿ ಅಣಬೆ ಇಲ್ಲ. ಅದರ ನೂಲಿನಂಥ ಎಳೆಗಳು ಮಣ್ಣೊಳಗೆ ಪೈನ್ ಬೇರಿನ ತುದಿಗಳಿಗೆ ಸುತ್ತಿಕೊಂಡಿರುತ್ತವೆ. ಮಣ್ಣಿನಿಂದ ನೀರು, ರಂಜಕ, ಸಾರಜನಕ ಎಳೆದು ಮರಕ್ಕೆ ಕೊಡುತ್ತವೆ. ಮರ ಎಲೆಯಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲು ಇವಕ್ಕೆ ಕೊಡುತ್ತದೆ. ಬಟನ್ ಅಣಬೆಯನ್ನು ಕೋಣೆಯೊಳಗೆ ಗೊಬ್ಬರದಲ್ಲಿ ಬೆಳೆಸಿದ ಹಾಗೆ ಇದನ್ನು ಬೆಳೆಸೋಕೆ ಆಗದೇ ಇರುವುದೂ ಇದೇ ಕಾರಣಕ್ಕೆ.

ಹಾಗಾದರೆ ಪೈನ್ ಯಾವುದು? ನಮ್ಮ ಕಡೆ ಇಲ್ಲಿ ಸ್ವಲ್ಪ ಗೊಂದಲ ಇದೆ. ಗಾಳಿ ಮರವನ್ನು, ಅಂದರೆ ಸರ್ವೆ ಮರವನ್ನು, ಬಹಳ ಜನ ಪೈನ್ ಅಂದುಕೊಳ್ಳುತ್ತಾರೆ. ಎಲೆ ಸೂಜಿ ತರಹ ಕಾಣುತ್ತದೆ, ಕಾಯಿ ಕೂಡ ಪೈನ್ ಕಾಯಿಯ ಮರಿಯಂತೆ ಇರುತ್ತದೆ ನಿಜ. ಆದರೆ ಅದು ಹೂಬಿಡುವ ಮರ, ಪೈನ್ ಕುಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಸೂಜಿಯನ್ನು ಎಳೆದು ನೋಡಿ, ಗಂಟು ಗಂಟಿನಲ್ಲಿ ಬಿಚ್ಚಿಕೊಳ್ಳುತ್ತದೆ. ಪೈನ್ ಸೂಜಿ ಹಾಗೆ ಬಿಚ್ಚುವುದಿಲ್ಲ. ಇನ್ನು ಮನೆ ಮುಂದೆ ಕ್ರಿಸ್‌ಮಸ್ ಟ್ರೀ ಅಂತ ನೆಡುವ ಅರಾಕೇರಿಯಾ, ಗೇಟಿನ ಪಕ್ಕದ ಥೂಜಾ, ಇವೆರಡೂ ಪೈನಿನ ದೂರದ ನೆಂಟರು ಹೌದು. ಆದರೆ ಇವುಗಳ ಬೇರಿನಲ್ಲಿ ಬೇರೆ ಜಾತಿಯ ಸೂಕ್ಷ್ಮ ಶಿಲೀಂಧ್ರ ಇರುತ್ತದೆ, ಅದು ನೆಲದ ಮೇಲೆ ಅಣಬೆಯಾಗಿ ಏಳುವುದೇ ಇಲ್ಲ. ಆದ್ದರಿಂದ ಧಾರವಾಡದ ಯಾವುದೋ ಕಾಂಪೌಂಡಿನ ಥೂಜಾ ಬುಡದಲ್ಲಿ ಕೇಸರಿ ಅಣಬೆ ಕಂಡರೆ ಅದು ಮಿಲ್ಕ್ ಕ್ಯಾಪ್ ಅಲ್ಲ, ಮುಂದೆ ಪರೀಕ್ಷೆ ಮಾಡುವ ಅಗತ್ಯವೂ ಇಲ್ಲ. ನೀಲಗಿರಿ ತೋಪಿಗೂ ಇದೇ ಮಾತು. ನೀಲಗಿರಿ ಮರಕ್ಕೆ ಅದರದೇ ಬೇರೆ ಸಂಗಾತಿ ಅಣಬೆಗಳಿವೆ.

ಪೈನ್ ಸೂಜಿಗಳು ಒಂಟಿಯಾಗಿ ಬರುವುದಿಲ್ಲ, ಬುಡದಲ್ಲಿ ಸಣ್ಣ ಸಿಪ್ಪೆಯ ಕಟ್ಟು ಹಾಕಿದ ಹಾಗೆ ಎರಡೋ ಮೂರೋ ಐದೋ ಒಟ್ಟಿಗೆ ಇರುತ್ತವೆ. ಬಿದ್ದ ಒಂದು ಕಟ್ಟು ಎತ್ತಿಕೊಂಡು ಎಣಿಸಿ. ಆಸ್ಟ್ರೇಲಿಯಾದ ತೋಪುಗಳಲ್ಲಿ ಜಾಸ್ತಿ ಇರುವ ರೇಡಿಯಾಟಾ ಪೈನಿಗೆ ಮೂರು. ಹಿಮಾಲಯದ ಚೀಡ್ ಮರಕ್ಕೂ ಮೂರು, ಕೈಲ್ ಮರಕ್ಕೆ ಐದು. ಯುರೋಪಿನ ಸ್ಕಾಟ್ಸ್ ಪೈನಿಗೆ ಎರಡು. ಸ್ಪ್ರೂಸ್ ಮತ್ತು ಫರ್ ಮರಗಳಲ್ಲಿ ಸೂಜಿ ಒಂಟೊಂಟಿ. ಸ್ಪ್ರೂಸ್ ಸೂಜಿ ಬೆರಳಿನ ಮಧ್ಯೆ ಉರುಳುತ್ತದೆ, ಫರ್ ಸೂಜಿ ಚಪ್ಪಟೆ, ಉರುಳುವುದಿಲ್ಲ. ಈ ವ್ಯತ್ಯಾಸ ಮುಂದೆ ಹಾಲಿನ ಬಣ್ಣ ನೋಡುವಾಗ ಬೇಕಾಗುತ್ತದೆ.

ಅಣಬೆ ಕಂಡಿತು ಅಂದ ತಕ್ಷಣ ಕೀಳಬೇಡಿ. ಸುಮ್ನೆ ಸುತ್ತ ನೋಡಿ. ಅದು ನೆಲದಿಂದ ಎದ್ದಿದೆಯಾ, ಅಥವಾ ಸತ್ತ ಮರದ ಬೊಡ್ಡೆಯಿಂದಲಾ? ಮಿಲ್ಕ್ ಕ್ಯಾಪ್ ಯಾವಾಗಲೂ ನೆಲದಿಂದ, ಒಣ ಸೂಜಿಗಳ ಹಾಸಿನಿಂದ ಏಳುತ್ತದೆ. ಬೊಡ್ಡೆಗೆ ಅಂಟಿಕೊಂಡು ಗೊಂಚಲು ಗೊಂಚಲಾಗಿ ಎದ್ದಿದ್ದರೆ ಬಿಟ್ಟುಬಿಡಿ. ಪೈನ್ ಬೊಡ್ಡೆಯ ಮೇಲೆ ಏಳುವ ಕೇಸರಿ ಬಣ್ಣದ ಕಹಿ ಅಣಬೆ ಒಂದಿದೆ, ಜಿಮ್ನೋಪಿಲಸ್ ಅಂತ. ಸಣ್ಣ, ಕಂದು ಬಣ್ಣದ ಗ್ಯಾಲೆರಿನಾ ಕೂಡ ಕೊಳೆತ ಮರದ ಮೇಲೇ ಬರುತ್ತದೆ, ಅದು ಪ್ರಾಣ ತೆಗೆಯುವ ವಿಷ.

ಈಗ ಟೋಪಿ. ಬಲಿತದ್ದು 5ರಿಂದ 15 ಸೆಂಟಿಮೀಟರ್ ಅಗಲ ಇರುತ್ತದೆ. ಗಜ್ಜರಿ ಬಣ್ಣ, ಅದರ ಮೇಲೆ ಸ್ವಲ್ಪ ಗಾಢವಾದ ಉಂಗುರಗಳು ಒಂದರೊಳಗೊಂದು. ನಡುವೆ ತಗ್ಗು. ಎಳೆಯದಾಗಿದ್ದಾಗ ಅಂಚು ಒಳಕ್ಕೆ ಸುರುಳಿ ಸುತ್ತಿರುತ್ತದೆ. ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಕೂದಲು ಇರಬಾರದು. ಮಳೆ ಬಂದಾಗ ಮುಟ್ಟಿದರೆ ತುಸು ಅಂಟು. ಹಳೆಯದಾದರೆ, ಪೆಟ್ಟಾದರೆ, ಅಲ್ಲಲ್ಲಿ ಹಸಿರು ಕಲೆ. ಈ ಹಸಿರು ಕಂಡು ಕೊಳೆತಿದೆ ಅಂತ ಎಸೆಯುವವರು ಬಹಳ. ಆದರೆ ಅದು ಕೊಳೆತದ್ದಲ್ಲ, ಗುರುತಿನಲ್ಲಿ ಒಂದು. ಆದರೂ ಟೋಪಿಯ ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ. ಬಿಸಿಲು, ಮಳೆ, ವಯಸ್ಸು ಮೂರೂ ಅದನ್ನು ಬದಲಿಸುತ್ತವೆ.

ತಿರುಗಿಸಿ ಕೆಳಗೆ ನೋಡಿ. ತೆಳು ಪದರಗಳು, ಗಿಲ್ಸ್ ಅಂತೀವಲ್ಲ, ಅವು ಒತ್ತೊತ್ತಾಗಿ ಇರಬೇಕು, ಕೇಸರಿ ಬಣ್ಣ ಇರಬೇಕು, ದಂಟಿನ ಮೇಲೆ ಸ್ವಲ್ಪ ಕೆಳಕ್ಕೆ ಇಳಿದಿರಬೇಕು. ಗಿಲ್ಸ್ ಬದಲು ಸ್ಪಂಜಿನಂಥ ತೂತುಗಳಿದ್ದರೆ ಅದು ಸುಯಿಲ್ಲಸ್ ಜಾತಿ, ಪೈನ್ ಕೆಳಗೇ ಬರುವ ಇನ್ನೊಂದು ಅಣಬೆ. ಊಟಿ, ಕೊಡೈಕನಾಲ್ ಕಡೆ ಪ್ರವಾಸ ಹೋದವರು ಪೈನ್ ತೋಪಿನಲ್ಲಿ ನೋಡುವ ಅಂಟು ಟೋಪಿಯ ಅಣಬೆ ಇದೇ ಇರಬಹುದು. ಅಲ್ಲಿನ ಪಟೂಲಾ ಪೈನ್ ಮೆಕ್ಸಿಕೋ ಮೂಲದ್ದು. ಬಿಳಿ ಚುಕ್ಕೆಯ ಕೆಂಪು ಅಮಾನಿಟಾ ಕೂಡ ಆ ಬೆಟ್ಟಗಳಲ್ಲಿ ಇದೆ, ನೋಡೋಕೆ ಚಂದ, ತಿಂದರೆ ವಿಷ. ಅಲ್ಲೇನಿದ್ದರೂ ನೋಡಿ, ಫೋಟೋ ತೆಗೆಯಿರಿ, ಅಷ್ಟು ಸಾಕು. ನಮ್ಮ ದೇಶದ ಮೀಸಲು ಅರಣ್ಯದಲ್ಲಿ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಕಿತ್ತು ತರುವ ಹಾಗಿಲ್ಲ. ಬೇರೆ ದೇಶಗಳಲ್ಲೂ ರಾಷ್ಟ್ರೀಯ ಉದ್ಯಾನಕ್ಕೆ ಒಂದು ನಿಯಮ, ಮರದ ತೋಪಿಗೆ ಇನ್ನೊಂದು ನಿಯಮ ಇರುತ್ತದೆ. ಹೋಗುವ ಮೊದಲೇ ವಿಚಾರಿಸಿಕೊಳ್ಳಿ.

ಮುಂದಿನ ಹೆಜ್ಜೆ ಮುರಿಯುವುದು. ನನ್ನ ಮಟ್ಟಿಗೆ ಇದೇ ಬಹಳ ಮುಖ್ಯ. ದಂಟನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಸೀಮೆಸುಣ್ಣದ ಹಾಗೆ ಟಕ್ ಅಂತ ಮುರಿಯಬೇಕು. ನಾರು ನಾರಾಗಿ ಸೀಳಿದರೆ ಇದು ಆ ಜಾತಿಯೇ ಅಲ್ಲ. ಈ ಕುಟುಂಬದ ಅಣಬೆಗಳ ತಿರುಳಿನಲ್ಲಿ ಉದ್ದನೆಯ ಎಳೆಗಳ ಜೊತೆ ಗುಂಡನೆಯ ಕೋಶಗಳ ಗುಂಪುಗಳೂ ಇರುತ್ತವೆ, ಅದಕ್ಕೇ ಹೀಗೆ ಮುರಿಯುತ್ತದೆ. ಅಮಾನಿಟಾ, ಕಾರ್ಟಿನೇರಿಯಸ್, ಗ್ಯಾಲೆರಿನಾ, ಜೀವ ತೆಗೆಯುವ ಈ ಮೂರೂ ಹೀಗೆ ಮುರಿಯುವುದಿಲ್ಲ, ನಾರಾಗಿ ಸೀಳುತ್ತವೆ.

ಮುರಿದ ಜಾಗವನ್ನು ಕೆಳಗಿಡದೆ ಹಾಗೇ ನೋಡುತ್ತಿರಿ. ಅಂಚಿನ ಸುತ್ತ ಸಣ್ಣ ಹನಿಗಳು ಏಳುತ್ತವೆ. ಇದೇ ಹಾಲು. ಬಣ್ಣ ಗಾಢ ಕೇಸರಿ ಇರಬೇಕು, ಬೆರಳಿಗೆ ತಾಗಿದರೆ ಕಲೆ ಆಗುತ್ತದೆ. ಗಿಲ್ಸ್ ಮೇಲೆ ಚಾಕುವಿನ ತುದಿಯಿಂದ ಗೀರಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಹಾಲು ಬಿಳಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಅಣಬೆ ಕೆಳಗಿಡಿ. ಹಾಲೇ ಬರದಿದ್ದರೂ ಬೇಡ. ಒಣಹವೆಯಲ್ಲಿ ಹಳೆಯ ಅಣಬೆ ಹಾಲು ಕೊಡದೇ ಇರಬಹುದು ನಿಜ, ಆದರೆ ಮುಖ್ಯ ಗುರುತೇ ಕಾಣದಿರುವಾಗ ಊಹೆ ಮೇಲೆ ಬುಟ್ಟಿಗೆ ಹಾಕಬಾರದು.

ಹಾಲು ಕಂಡ ಮೇಲೆ ಗಡಿಯಾರ ನೋಡಿ, ಅರ್ಧ ಗಂಟೆ ಕಾಯಿರಿ. ಪೈನ್ ಕೆಳಗಿನ ಮಿಲ್ಕ್ ಕ್ಯಾಪ್‌ನ ಹಾಲು ಕೇಸರಿಯಾಗಿಯೇ ಉಳಿದು, ತಾಸುಗಳ ಮೇಲೆ ನಿಧಾನವಾಗಿ ಹಸಿರಿಗೆ ತಿರುಗುತ್ತದೆ. ಅರ್ಧ ಗಂಟೆಯೊಳಗೇ ಗಾಢ ಕೆಂಪಾದರೆ, ಮೇಲಿರುವುದು ಸ್ಪ್ರೂಸ್ ಮರವಾದರೆ, ಅದು ಇದರ ತಂಗಿಯಂಥ ಜಾತಿ, ಡಿಟೆರಿಮಸ್. ಮುರಿದ ಕ್ಷಣದಿಂದಲೇ ದ್ರಾಕ್ಷಾರಸದ ಕೆಂಪು ಇದ್ದರೆ ಸ್ಯಾಂಗ್ವಿಫ್ಲೂಯಸ್, ಅದೂ ಪೈನ್ ಕೆಳಗೇ ಬರುತ್ತದೆ. ಫರ್ ಮರದ ಕೆಳಗಿನದು ಸಾಲ್ಮನಿಕಲರ್. ಯುರೋಪಿನಲ್ಲಿ ಈ ಎಲ್ಲವನ್ನೂ ತಿನ್ನುತ್ತಾರೆ. ಅಂದರೆ ಈ ಗುಂಪಿನ ಒಳಗೇ ಒಂದಕ್ಕೊಂದು ಅದಲುಬದಲಾದರೆ ಪ್ರಾಣಕ್ಕೆ ಕುತ್ತಿಲ್ಲ. ಗುಂಪಿನ ಹೊರಗಿನದನ್ನು ಒಳಗೆ ಸೇರಿಸಿಕೊಂಡರೆ ಕುತ್ತು.

ದಂಟಿನ ವಿಷಯ ಬೇಗ ಹೇಳಿಬಿಡುತ್ತೇನೆ. ಗಿಡ್ಡ, ದಪ್ಪ, ಬಲಿತ ಮೇಲೆ ಒಳಗೆ ಟೊಳ್ಳು. ಹೊರಮೈಯಲ್ಲಿ ಗಾಢ ಕೇಸರಿಯ ಸಣ್ಣ ಸಣ್ಣ ಗುಳಿಗಳು, ಸಿಡುಬಿನ ಕಲೆ ಹಾಗೆ ಕಾಣುವಂಥವು. ದಂಟಿನ ಸುತ್ತ ಬಳೆಯಂಥ ಉಂಗುರ ಇರಬಾರದು. ಬುಡದಲ್ಲಿ ಚೀಲ ಇರಬಾರದು. ಈ ಚೀಲ ನೋಡೋಕೆ ಅಣಬೆಯನ್ನು ಚಾಕುವಿನಿಂದ ಕೊಯ್ಯಬಾರದು, ಬೆರಳು ಹಾಕಿ ಬುಡಸಮೇತ ಎತ್ತಬೇಕು. ಡೆತ್ ಕ್ಯಾಪ್ ಅನ್ನುವ ಮಹಾವಿಷದ ಅಮಾನಿಟಾಗೆ ಬುಡದಲ್ಲಿ ಬಿಳಿ ಚೀಲ ಇರುತ್ತದೆ, ಅದು ಮಣ್ಣೊಳಗೆ ಹೂತಿರುತ್ತದೆ. ನೆಲಮಟ್ಟಕ್ಕೆ ಕೊಯ್ದರೆ ಆ ಗುರುತು ಅಲ್ಲೇ ಉಳಿದುಹೋಗುತ್ತದೆ. ಪ್ರತಿಯೊಂದರ ಬುಡ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಮಣ್ಣು ಹತ್ತಿದ ತುದಿಯನ್ನು ಚಾಕುವಿನಿಂದ ಕೊಯ್ಯಿರಿ, ಬುಟ್ಟಿ ಕೂಡ ಚೊಕ್ಕಟವಾಗಿರುತ್ತದೆ.

ಇನ್ನು ಸ್ಪೋರ್ ಪ್ರಿಂಟ್, ಅಂದರೆ ಗಿಲ್ಸ್‌ನಿಂದ ಉದುರುವ ಬೀಜದಂಥ ಸಣ್ಣ ಪುಡಿಯ ಅಚ್ಚು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ. ದಂಟು ತೆಗೆದು ಟೋಪಿಯನ್ನು ಕಾಗದದ ಮೇಲೆ ಗಿಲ್ಸ್ ಕೆಳಗೆ ಬರುವಂತೆ ಇಡಿ. ಅರ್ಧ ಬಿಳಿ ಅರ್ಧ ಕಪ್ಪು ಕಾಗದ ಆದರೆ ಒಳ್ಳೆಯದು. ಮೇಲೆ ಒಂದು ಪಾತ್ರೆ ಮುಚ್ಚಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಎತ್ತಿದರೆ ಗಿಲ್ಸ್‌ನ ಅಚ್ಚು ಪುಡಿಯಾಗಿ ಬಿದ್ದಿರುತ್ತದೆ. ಮಿಲ್ಕ್ ಕ್ಯಾಪ್‌ನದು ತೆಳು ಕೆನೆ ಬಣ್ಣ. ತುಕ್ಕಿನ ಬಣ್ಣ ಬಿದ್ದರೆ ಎಲ್ಲವನ್ನೂ ಎಸೆಯಿರಿ. ಕಾರ್ಟಿನೇರಿಯಸ್ ಜಾತಿಯ ಒಂದು ಅಣಬೆ ಯುರೋಪಿನ ಪೈನ್, ಸ್ಪ್ರೂಸ್ ಕಾಡುಗಳಲ್ಲಿ ಕೇಸರಿ-ಕಂದು ಬಣ್ಣದಲ್ಲಿ ಬರುತ್ತದೆ, ತಿಂದರೆ ಕಿಡ್ನಿ ಹಾಳು ಮಾಡುತ್ತದೆ. ಲಕ್ಷಣ ಕಾಣಿಸಿಕೊಳ್ಳೋಕೆ ಎರಡು ದಿನದಿಂದ ಎರಡು-ಮೂರು ವಾರ ಆಗಬಹುದು, ಅಷ್ಟೊತ್ತಿಗೆ ಅಣಬೆ ತಿಂದದ್ದೇ ಮರೆತಿರುತ್ತೇವೆ.

ಈ ಸ್ಪೋರ್ ಪ್ರಿಂಟ್ ಕೆಲಸವನ್ನು ಹುಬ್ಬಳ್ಳಿಯಲ್ಲಿ ಕೂತೇ ಅಭ್ಯಾಸ ಮಾಡಬಹುದು. ಮಾರ್ಕೆಟ್ಟಿನಿಂದ ಬಟನ್ ಅಣಬೆ ತನ್ನಿ, ಆದರೆ ಟೋಪಿ ಬಿಚ್ಚಿ ಕೆಳಗಿನ ಗಿಲ್ಸ್ ಕಾಣುವಂಥ ಬಲಿತದ್ದನ್ನೇ ಆರಿಸಿ. ಅದು ಗಾಢ ಕಂದು ಅಚ್ಚು ಕೊಡುತ್ತದೆ. ಇದರ ಉಪಯೋಗ ನಮ್ಮ ಹಿತ್ತಲಲ್ಲೂ ಇದೆ. ಮಳೆಗಾಲದಲ್ಲಿ ಹುಲ್ಲಿನ ಮೇಲೆ ದೊಡ್ಡದಾಗಿ, ಬಿಳಿಯಾಗಿ ಏಳುವ ಕ್ಲೋರೋಫಿಲ್ಲಮ್ ಅನ್ನುವ ಅಣಬೆ ನೋಡೋಕೆ ಬಹಳ ಸೊಗಸು, ತಿಂದರೆ ವಿಪರೀತ ವಾಂತಿ-ಭೇದಿ. ಅದರ ಅಚ್ಚು ಹಸಿರು. ಗಿಲ್ಸ್ ಎಳೆಯದರಲ್ಲಿ ಬಿಳಿಯೇ ಇರುತ್ತದೆ, ಹಾಗಾಗಿ ಅಚ್ಚು ತೆಗೆಯದ ಹೊರತು ಗೊತ್ತಾಗುವುದಿಲ್ಲ.

ಮೋಸ ಮಾಡುವ ಅಣಬೆಗಳಲ್ಲಿ ಮೂರನ್ನು ನೆನಪಿಡಿ. ಒಂದು ವೂಲಿ ಮಿಲ್ಕ್ ಕ್ಯಾಪ್. ಉಂಗುರಗಳು ಇವೆ, ನಡುವೆ ತಗ್ಗು ಇದೆ, ಹಾಲೂ ಬರುತ್ತದೆ. ಆದರೆ ಬಣ್ಣ ಗುಲಾಬಿ ಕಡೆಗೆ, ಅಂಚಿನಲ್ಲಿ ಜೂಲು, ಹಾಲು ಬಿಳಿ, ಮರ ಬರ್ಚ್. ಪೈನ್ ತೋಪಿನ ಮಧ್ಯೆ ಒಂದೇ ಒಂದು ಬರ್ಚ್ ಮರ ಇದ್ದರೂ ಅದರ ಬುಡದಲ್ಲಿ ಇದು ಏಳಬಹುದು, ಅದಕ್ಕೇ ತೋಪು ನೋಡಿದರೆ ಸಾಲದು, ಹತ್ತಿರದ ಮರವನ್ನೇ ನೋಡಬೇಕು. ಎರಡನೆಯದು ಫಾಲ್ಸ್ ಶಾಂಟೆರೆಲ್, ಪೈನ್ ಕೆಳಗೇ ಬರುತ್ತದೆ, ಕೇಸರಿ ಬಣ್ಣ, ಮೆತ್ತಗೆ, ಹಾಲಿಲ್ಲ. ಮೂರನೆಯದು ಪ್ಯಾಕ್ಸಿಲಸ್. ಕಂದು ಬಣ್ಣ, ಸುರುಳಿ ಸುತ್ತಿದ ಅಂಚು, ಇಳಿದ ಗಿಲ್ಸ್, ಹಾಲಿಲ್ಲ. ಇದನ್ನು ಯುರೋಪಿನಲ್ಲಿ ಒಂದು ಕಾಲಕ್ಕೆ ಬೇಯಿಸಿ ತಿನ್ನುತ್ತಿದ್ದರು. ಯೂಲಿಯಸ್ ಶೇಫರ್ ಅನ್ನುವ ಜರ್ಮನಿಯ ಅಣಬೆ ವಿಜ್ಞಾನಿ 1944ರಲ್ಲಿ ಇದನ್ನು ತಿಂದೇ ತೀರಿಕೊಂಡರು. ಅದು ಎಷ್ಟೋ ಸಲ ಏನೂ ಮಾಡದೆ, ಒಂದು ಸಲ ರಕ್ತದ ಕಣಗಳನ್ನೇ ಒಡೆದುಹಾಕುತ್ತದೆ. "ನಾವು ಹಿಂದಿನಿಂದ ತಿಂತಾ ಬಂದೀವಿ" ಅನ್ನುವ ಮಾತನ್ನು ಅಣಬೆ ವಿಷಯದಲ್ಲಿ ಪುರಾವೆ ಅಂತ ಒಪ್ಪಬಾರದು ಅನ್ನೋದು ಇದಕ್ಕೇ.

ಬೆಳ್ಳಿ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ಬದಲಾದರೆ ವಿಷ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಚೆನ್ನಾಗಿ ಕುದಿಸಿದರೆ ವಿಷ ಹೋಗುತ್ತದೆ. ಇವು ನಾಲ್ಕೂ ಸುಳ್ಳು. ಗೊಂಡೆಹುಳ ಡೆತ್ ಕ್ಯಾಪನ್ನೂ ತಿಂದು ಆರಾಮಾಗಿರುತ್ತದೆ, ಮತ್ತು ಅದರ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಮೊಬೈಲಿನ ಗುರುತು ಹೇಳುವ ಆ್ಯಪ್ ಕೂಡ ಹೆಸರು ಹುಡುಕೋಕೆ ಮಾತ್ರ, ತಿನ್ನುವ ತೀರ್ಮಾನಕ್ಕೆ ಅಲ್ಲ. ಯಾರನ್ನಾದರೂ ಕೇಳುವುದಾದರೆ ಟೋಪಿ, ಗಿಲ್ಸ್, ಕೊಯ್ದ ದಂಟು, ಬುಡ, ಮೇಲಿನ ಮರದ ಸೂಜಿ, ಎಲ್ಲದರ ಫೋಟೋ ಕಳಿಸಿ. ಅದಕ್ಕಿಂತ ಒಳ್ಳೆಯದು, ಆ ಊರಿನಲ್ಲಿ ವರ್ಷಗಟ್ಟಲೆ ಅಣಬೆ ಕಿತ್ತವರ ಜೊತೆ ಮೊದಲ ಸಲ ಹೋಗುವುದು.

ಎಲ್ಲ ಗುರುತೂ ಕೂಡಿಬಂದವಾ? ಮರ ಪೈನ್, ನೆಲದಿಂದ ಎದ್ದದ್ದು, ಟಕ್ ಅಂತ ಮುರಿಯಿತು, ಹಾಲು ಕೇಸರಿ, ದಂಟಿನಲ್ಲಿ ಗುಳಿ, ದಂಟಿಗೆ ಉಂಗುರ-ಚೀಲ ಇಲ್ಲ, ಅಚ್ಚು ಕೆನೆ ಬಣ್ಣ. ಒಂದು ತಪ್ಪಿದರೂ ಬೇಡ. ಬುಟ್ಟಿಗೆ ಹಾಕುವಾಗ ಪ್ರತಿಯೊಂದನ್ನೂ ಬೇರೆ ಬೇರೆ ನೋಡಿ. ಹತ್ತು ಒಳ್ಳೆಯದರ ಮಧ್ಯೆ ಹನ್ನೊಂದನೆಯದು ಬೇರೆ ಇರಬಹುದು, ಅಲ್ವಾ? ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಕೊಳೆಯುತ್ತದೆ. ದಂಟಿನ ಬುಡ ಕೊಯ್ದು ನೋಡಿ, ಹುಳದ ತೂತುಗಳಿದ್ದರೆ ಅಲ್ಲೇ ಬಿಡಿ.

ಅಡುಗೆಗೆ ತೊಳೆದು ನೆನೆಹಾಕಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಗಿಲ್ಸ್ ಮಧ್ಯೆ ಸಿಕ್ಕ ಸೂಜಿಗಳನ್ನು ಬ್ರಷ್‌ನಿಂದ ತೆಗೆಯಿರಿ. ಇದರ ತಿರುಳು ಗಟ್ಟಿ, ಬಟನ್ ಅಣಬೆಗಿಂತ ಜಾಸ್ತಿ ಹೊತ್ತು ಬೇಯಬೇಕು. ದಪ್ಪ ತಳದ ಬಾಣಲೆಯಲ್ಲಿ ಮೊದಲು ಅದರ ನೀರು ಇಂಗುವವರೆಗೆ ಹುರಿದು, ಆಮೇಲೆ ಎಣ್ಣೆ, ಬೆಳ್ಳುಳ್ಳಿ, ಉಪ್ಪು, ಮೇಲಿಷ್ಟು ಖಾರ. ಜೋಳದ ರೊಟ್ಟಿ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ಮಸಾಲೆ ಜಾಸ್ತಿ ಹಾಕಬೇಡಿ, ಅದರದೇ ರುಚಿ ಮುಚ್ಚಿಹೋಗುತ್ತದೆ. ತಿಂದ ಮೇಲೆ ಮೂತ್ರ ಕೇಸರಿ ಅಥವಾ ಕೆಂಪಾಗಬಹುದು, ಅದು ಅಣಬೆಯ ಬಣ್ಣ, ಹೆದರಬೇಕಾಗಿಲ್ಲ.

ಮೊದಲ ಸಲ ತಿನ್ನುವವರು ನಾಲ್ಕೈದು ತುಂಡು ಮಾತ್ರ ತಿನ್ನಿ, ಒಂದು ದಿನ ಬಿಡಿ. ಮಕ್ಕಳಿಗೆ, ಬಸುರಿಯರಿಗೆ ಕೊಡಬೇಡಿ. ಒಂದು ಇಡೀ ಅಣಬೆಯನ್ನು ಬೇಯಿಸದೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಟ್ಟಿರಿ. ಅಣಬೆ ತಿಂದು ಒಂದೆರಡು ತಾಸಿನಲ್ಲಿ ವಾಂತಿಯಾದರೆ ಅದೂ ಕಷ್ಟವೇ, ಆದರೆ ಆರು ತಾಸು ಕಳೆದ ಮೇಲೆ ಶುರುವಾಗುವ ವಾಂತಿ-ಭೇದಿ ಅದಕ್ಕಿಂತ ಅಪಾಯ, ಡೆತ್ ಕ್ಯಾಪ್ ವಿಷ ಹಾಗೇ ಬರುತ್ತದೆ. ಎರಡನೇ ದಿನ ಸ್ವಲ್ಪ ಗುಣವಾದ ಹಾಗೆ ಅನಿಸುತ್ತದೆ, ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಆದ್ದರಿಂದ ಆರಾಮಾಯಿತು ಅಂತ ಮನೆಯಲ್ಲಿ ಕೂರಬೇಡಿ. ಆಸ್ಟ್ರೇಲಿಯಾದಲ್ಲಿ ಇರುವವರು ಲಕ್ಷಣಕ್ಕೂ ಕಾಯದೆ, ಅನುಮಾನ ಬಂದ ತಕ್ಷಣ 13 11 26ಕ್ಕೆ ಫೋನ್ ಮಾಡಿ, ಅದು ಅಲ್ಲಿನ ವಿಷ ಮಾಹಿತಿ ಕೇಂದ್ರ. ಇಲ್ಲಿಯವರು ನೇರ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಅಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಫ್ರಿಜ್ಜಿನಲ್ಲಿಟ್ಟ ಆ ಅಣಬೆ ಜೊತೆಗಿರಲಿ, ಎಷ್ಟು ಗಂಟೆಗೆ ತಿಂದಿರಿ, ಯಾರ್ಯಾರು ತಿಂದಿರಿ ಅನ್ನೋದನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ.